ಬಿಚ್ಚಿದ ಬೀಗ

ನಮ್ಮ ಚಿಕ್ಕಪ್ಪ ಬೀಗ ರಿಪೇರಿಯವನು. ಎಂಥ ಹಟಮಾರಿ ಬೀಗವಾದರೂ ಅವನ ಕೈಗೆ ಬಂದರೆ ಬಾಯಿ ಬಿಡುತ್ತದೆ. ಅವನ ತಲೆಯೊಳಗೆ ಹೊಸದೊಂದು ಮಾತು ಹೊಗಿಸುವುದು ಮಾತ್ರ ದೇವರಿಗೂ ಆಗದ ಕೆಲಸ. ಮನೆ ಯಾರದೋ ಬೀಗವೂ ಅವರದು, ಅವನು ಬಲ್ಲ ಕಾನೂನು ಅಷ್ಟೇ. ಅವನು ಹುಡುಗನಾಗಿದ್ದಾಗ ಬಾಡಿಗೆ ಮನೆಯ ಮಾಲೀಕ ಬೀಗದವನೊಬ್ಬನನ್ನು ಕರೆಸಿ, ಬೀಗ ಬದಲಾಯಿಸಿ, ಇವನ ಅಮ್ಮನನ್ನೂ, ಅಂದರೆ ನಮ್ಮ ಅಜ್ಜಿಯನ್ನೂ, ಇವನನ್ನೂ ಪಾತ್ರೆಪಗಡದ ಸಮೇತ ಬೀದಿಗೆ ಹಾಕಿದ್ದ. ಅಜ್ಜಿ ತುಟಿಪಿಟಕ್ಕೆನ್ನದೆ ಗಂಟು ಹೊತ್ತು ನಡೆದಿದ್ದಳಂತೆ. ಅವರ ಮನೆ, ಅವರ ಇಷ್ಟ ಎಂದೇ ಇವನು ಬೆಳೆದ.

ಮೊನ್ನೆ ಒಬ್ಬರು ತಮ್ಮ ಮಹಡಿ ಮನೆಗೆ ಹೊಸ ಬೀಗ ಹಾಕಲು ಇವನನ್ನು ಕರೆಸಿದರು. ಹಳೆಯ ಬೀಗ ಬಿಚ್ಚಿ ಆಗಿತ್ತು, ಬಾಗಿಲಲ್ಲಿ ತೂತಷ್ಟೇ ಉಳಿದಿತ್ತು. ಅಷ್ಟರಲ್ಲಿ ಅಲ್ಲಿ ಬಾಡಿಗೆಗಿದ್ದ ಹೊಲಿಗೆಯ ಹೆಂಗಸು ಬಟ್ಟೆಯ ಗಂಟು ಹಿಡಿದು ಮೆಟ್ಟಿಲು ಹತ್ತಿ ಬಂದಳು. ಮಾಲೀಕರಿಗೆ ಅಲ್ಲಿ ಅಳಿಯನನ್ನು ಇರಿಸುವ ಆಸೆ, ಅದಕ್ಕೇ ಅವಳು ಹೊರಗೆ ಹೋದ ಹೊತ್ತು ನೋಡಿ ಈ ಏರ್ಪಾಟು. ಚಿಕ್ಕಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ.

ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಅದರಿಂದಲೇ ಇವನು ಗಲಿಬಿಲಿಗೊಂಡದ್ದು.

“ಮನೆ ಅವರದೇ, ಇಲ್ಲ ಅನ್ನಲ್ಲ. ಆದ್ರೆ ನನ್ನ ಹೊರಗೆ ಹಾಕೋಕೆ ಕೋರ್ಟಿನ ಆದೇಶ ಬೇಕು. ಇದ್ರೆ ತೋರಿಸ್ಲಿ, ನಾನೇ ಗಂಟು ಕಟ್ತೀನಿ,” ಎಂದಳು.

ಮನೆ ಅವರದೇ ಅಂತೆ, ಬೀಗ ಮಾತ್ರ ಹಾಕುವಂತಿಲ್ಲವಂತೆ. ಇದ್ಯಾವ ಸೀಮೆ ನ್ಯಾಯ ಎಂದು ಚಿಕ್ಕಪ್ಪ ಪಿಳಿಪಿಳಿ ಕಣ್ಣು ಬಿಟ್ಟ. ಆದೇಶ ಇದೆಯಾ ಸ್ವಾಮಿ ಎಂದು ಪಕ್ಕದಲ್ಲೇ ನಿಂತಿದ್ದ ಮಾಲೀಕರನ್ನು ಕೇಳಿದ. ನಿನಗ್ಯಾಕೆ ಆ ಉಸಾಬರಿ, ಬಾಯಿ ಮುಚ್ಚಿಕೊಂಡು ಕೆಲಸ ಮಾಡು ಎಂದು ಅವರು ಗದರಿದರು. ಇದ್ದಿದ್ದರೆ ತೋರಿಸುತ್ತಿದ್ದರಲ್ಲ ಎಂಬಷ್ಟು ಮಾತ್ರ ಇವನಿಗೆ ಹೊಳೆಯಿತು. ಹೊಸದು ಹಾಕಿದರೆ ಅವಳು ಬೀದಿಪಾಲು, ಹಾಗೇ ಬಿಟ್ಟು ಹೋದರೆ ಬಾಗಿಲು ತೆರೆದೇ ಇರುತ್ತದೆ. ಕೊನೆಗೆ ಹಳೆಯ ಬೀಗವನ್ನೇ ಮತ್ತೆ ಕೂರಿಸಿ, ತಿರುಪು ಬಿಗಿದು, ಅವಳ ಕೈಯಲ್ಲೇ ಬೀಗದಕೈ ತಿರುಗಿಸಿ ನೋಡಿಸಿ ಇಳಿದು ಬಂದ.

ಮನೆಗೆ ಬಂದವನು ನನ್ನ ತಲೆ ತಿಂದ. ಅವಳು ಸುಳ್ಳು ಹೇಳಿದಳೋ, ತಾನು ಪೆದ್ದನಾದೆನೋ? ನಾನು ವಕೀಲರ ಕಚೇರಿಯಲ್ಲಿ ಟೈಪ್ ಮಾಡುವವಳು. ಕೋರ್ಟು ಹೇಳದೆ ಯಾರೂ ಯಾರನ್ನೂ ಹೊರದಬ್ಬುವಂತಿಲ್ಲ, ಕಾನೂನಿನ ಮುಂದೆ ಮಾಲೀಕನೂ ಒಂದೇ ಬಾಡಿಗೆಯವಳೂ ಒಂದೇ ಎಂದು ಎಷ್ಟು ಸಲ ಹೇಳಿದೆನೋ. ಮತ್ತೆ ಮನೆ ಯಾರದು ಎಂದು ಮೊದಲಿನಿಂದ ಶುರುಮಾಡಿದ. ನನಗೆ ಕೋಪ ನೆತ್ತಿಗೇರಿತು.

ಆಮೇಲೆ ಮೆಲ್ಲಗೆ ಕೇಳಿದ, “ಇದು ಈಗ ಬಂದಿರೋ ಕಾನೂನಾ?”

“ಇಲ್ಲ ಚಿಕ್ಕಪ್ಪ, ನೀನು ಹುಟ್ಟೋಕೆ ಮುಂಚೆಯಿಂದ ಇದೆ.”

ಅವನು ತಿರುಪುಳಿಯನ್ನು ಕೈಯಲ್ಲಿ ತಿರುವುತ್ತಾ ಕುಳಿತ. ನನ್ನ ಕೋಪ ಎಲ್ಲಿ ಹೋಯಿತೋ.

“ಹಾಗಾದ್ರೆ ಅವತ್ತು ಅಮ್ಮ ಕೇಳಬಹುದಿತ್ತು,” ಎಂದ. “ಆ ಬೀಗದವನಾದ್ರೂ ಕೇಳಬಹುದಿತ್ತು.”