ಕಾರ್ಖಾನೆಗೆ ಟೇಪು ಹಿಡಿದ ತುಳಜಾಬಾಯಿ

ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದು ಏಳುವಾಗ ತುಳಜಾಬಾಯಿ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತವಳು. ಪಾಯದ ಕೆಲಸ ಮುಗಿದ ಕೂಡಲೇ ಅವಳನ್ನು ಗೇಟಿನ ಹೊರಗೆ ಕಳಿಸಿದರು. ಆಮೇಲೆ ಅವಳು ಒಳಗೆ ಕಾಲಿಟ್ಟಿರಲಿಲ್ಲ. ಈಗ ಗ್ರಾಮ ಪಂಚಾಯ್ತಿಯ ಅಧ್ಯಕ್ಷೆಯಾಗಿ, ಬಿಲ್ ಕಲೆಕ್ಟರ್ ಸಿದ್ಧಲಿಂಗನ ಜೊತೆ ಅಳತೆಯ ಟೇಪು ಹಿಡಿದು ಬಂದಿದ್ದಳು. ಕಾರ್ಖಾನೆಗೆ ಕಟ್ಟಡ ತೆರಿಗೆ ಹಾಕದಿದ್ದರೆ ಪಂಚಾಯ್ತಿಯ ನೀರು ಬಿಡುವ ರಾಮಲಿಂಗನಿಗೆ ಪಗಾರವಿಲ್ಲ. ಅವನು ಕೆಲಸ ಬಿಟ್ಟರೆ ಊರಿಗೆ ನೀರಿಲ್ಲ.

ಗೇಟಿನಲ್ಲಿ ಎದುರಾದ ಕಾರ್ಖಾನೆಯ ಮ್ಯಾನೇಜರ್ ನಕ್ಕ. "ನಿಮಗ ದಿಲ್ಲಿಯಿಂದ ರೊಕ್ಕ ಬರ್ತದಲ್ರೀ ಅಧ್ಯಕ್ಷರ? ನಮ್ಮ ಹಿಂದ ಯಾಕ ಬಿದ್ದೀರಿ?"

"ದಿಲ್ಲಿ ರೊಕ್ಕದಾಗ ಪೈಪ್ ಹಾಕಬಹುದು ಸಾಹೇಬ್ರ, ಪಗಾರ ಕೊಡಂಗಿಲ್ಲ. ಪೈಪಿನಾಗ ನೀರು ತಾನಾಗೇ ಬರ್ತದೇನು? ನನ್ನ ಎರಡು ಖೋಲಿ ಮನಿಗೂ ತೆರಿಗಿ ಅದ. ಕಟ್ಟಡ ಅಳೆಯೋ ಹಕ್ಕು ಪಂಚಾಯ್ತಿಗೆ ಕಾಯ್ದೆದಾಗ ಅದ, ನಡೀರಿ."

ಒಳಗೆ ಹೋದವಳು ಕಾರ್ಖಾನೆಯ ಕಾಂಕ್ರೀಟ್ ಗೋಪುರದ ಬುಡದಲ್ಲಿ ನಿಂತು ಮೇಲೆ ನೋಡಿದಳು. ನೋಡುತ್ತಲೇ ಇದ್ದಳು. ತಲೆಯಿಂದ ಸೆರಗು ಜಾರಿತು. ಗೋಪುರದ ತುದಿ ಧೂಳಿನ ಮಬ್ಬಿನಲ್ಲಿ ಎಲ್ಲೋ ಇತ್ತು. ಕಾಲಡಿಯ ನೆಲ ಗುಂಯ್‌ಗುಡುತ್ತಿತ್ತು. ಅಂದು ಅವಳು ಕಂಡದ್ದು ಬರೀ ಪಾಯದ ಗುಂಡಿ.

"ಯಪ್ಪಾ! ಇಷ್ಟು ಎತ್ತರ ಕಟ್ಟೀವೇನೋ ತಮ್ಮಾ, ನಾವು?"

"ಎತ್ತರ ಆಮ್ಯಾಲ ನೋಡ್ರಿ ಅಕ್ಕಾ. ಮನಿ ಅಳೆಯೋ ಈ ಟೇಪು ಇದಕ್ಕ ಸಾಲಂಗಿಲ್ಲ," ಎಂದ ಸಿದ್ಧಲಿಂಗ.

"ಸಾಲದಿದ್ರ ಮತ್ತ ಮತ್ತ ಹಚ್ಚು. ಬುಟ್ಟಿ ಒಂದೇ ಸಲ ಹೊತ್ತಿದ್ದೆನೇನು?"

ಅವಳು ಟೇಪಿನ ತುದಿಯನ್ನು ಮ್ಯಾನೇಜರನ ಕೈಗಿತ್ತಳು. "ಗಟ್ಟಿ ಹಿಡೀರಿ ಸಾಹೇಬ್ರ."

ಅವನೂ ಒಮ್ಮೆ ತಲೆಯೆತ್ತಿ ಗೋಪುರ ನೋಡಿದ. ಆಮೇಲೆ ಬಗ್ಗಿ, ಟೇಪನ್ನು ಗೋಡೆಯ ಮೂಲೆಗೆ ಒತ್ತಿ ಹಿಡಿದ.