ಒಂದನೇ ಬೊಂಬೆ ಯಾವುದು

ಅನೀಸಾಳಿಗೆ ಚಿಕ್ಕಂದಿನಿಂದಲೂ ಮುಚ್ಚಿದ್ದನ್ನು ಬಿಚ್ಚಿ ನೋಡುವ ಚಾಳಿ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಯಾರ ಮದುವೆಗೆ ಉಡುಗೊರೆ ಬಂದರೂ, ಕಾಗದದ ಅಂಚನ್ನು ಉಗುರಿನಿಂದ ಎಬ್ಬಿಸಿ, ಒಳಗಿರುವುದನ್ನು ನೋಡಿ, ಮತ್ತೆ ಅಂಟಿಸಿ, ಹಾಲು ಕುಡಿದ ಬೆಕ್ಕಿನ ಹಾಗೆ ಕೂರುತ್ತಿದ್ದಳು. ನಾನು ಮಧು, ಅವಳ ಮನೆಯವರ ಬೊಂಬೆ ಕಾರ್ಖಾನೆಯ ಎದುರಿಗೇ ಕೊರಿಯರ್ ಅಂಗಡಿ ಇಟ್ಟವನು. ನನ್ನ ಪಾರ್ಸೆಲ್ಲುಗಳನ್ನು ಅವಳ ಉಗುರಿನಿಂದ ಕಾಪಾಡುವುದೇ ಒಂದು ಕೆಲಸವಾಗಿತ್ತು. ಇಂಥವಳು ಬಿ.ಸಿ.ಎ. ಮುಗಿಸಿ ಆ ಚಾಳಿಯನ್ನೇ ಕಸುಬು ಮಾಡಿಕೊಂಡಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಒಂದು ಉದ್ದನೆಯ ಕೋಣೆ. ಮರ ಕಡೆಯುವ ಲೇತ್ ಅವಳ ಚಾಚಾ, ಅಂದರೆ ಚಿಕ್ಕಪ್ಪ, ಮುಕ್ತಿಯಾರಣ್ಣನದು. ಕುಂಚ ಅವಳ ತಾಯಿ ಅಕ್ಬರಿ ಬೇಗಂ ಅವರದು. ಮೂಲೆಯಲ್ಲಿ, ಮರದ ಪುಡಿ ಹಾರದಂತೆ ಹಳೇ ದುಪಟ್ಟಾ ಹೊದಿಸಿದ ಕಂಪ್ಯೂಟರ್ ಅನೀಸಾಳದು. ಒಂದರೊಳಗೊಂದು ಕೂರುವ ಬೊಂಬೆಗಳ ಸೆಟ್ಟನ್ನು, ಗಿರಾಕಿಯ ಮನೆಯವರ ಹೆಸರು ಬರೆದು, ಆನ್‌ಲೈನಿನಲ್ಲಿ ಮಾರುವ ಯೋಚನೆ ಅವಳದೇ.

ಆದರೆ ಆನ್‌ಲೈನ್ ಆರ್ಡರು ನಮ್ಮ ನಿಮ್ಮ ಹಾಗೆ ಬಾಯಿಬಿಟ್ಟು ಮಾತಾಡುವುದಿಲ್ಲ. ಆರ್ಡರಿನೊಳಗೆ ಗಿರಾಕಿ, ಗಿರಾಕಿಯೊಳಗೆ ವಿಳಾಸ, ಅದರ ಪಕ್ಕದಲ್ಲಿ ಸಾಮಾನು, ಸಾಮಾನಿನೊಳಗೆ ಮನೆಮಂದಿ, ಒಬ್ಬೊಬ್ಬರೊಳಗೆ ಹೆಸರು ಮತ್ತು ವೇಷ, ವೇಷದೊಳಗೆ ಮೀಸೆಯೋ ಕನ್ನಡಕವೋ. ಬ್ರಾಕೆಟ್ಟಿನೊಳಗೆ ಬ್ರಾಕೆಟ್ಟು. ಅನೀಸಾ ಬರೆದ ಪ್ರೋಗ್ರಾಂ ಇದನ್ನೆಲ್ಲ ಬಿಚ್ಚಿಕೊಂಡು ಒಳಹೊಕ್ಕು, ಬೇಕಾದ ಮಾತನ್ನಷ್ಟೇ ಹಿಡಿದು ತಂದು, ಯಾವ ಬೊಂಬೆಗೆ ಯಾರ ಹೆಸರು, ಯಾರ ಮೀಸೆ ಎಂದು ಚೀಟಿ ಮುದ್ರಿಸುತ್ತಿತ್ತು. ಅಕ್ಬರಿ ಬೇಗಂ ಚೀಟಿ ನೋಡಿ ಬರೆಯುತ್ತಿದ್ದರು.

ಒಮ್ಮೆ ಗಿರಾಕಿಯೊಬ್ಬರು ಒಂದು ಬೊಂಬೆಯ ಹೆಸರನ್ನು ಖಾಲಿ ಬಿಟ್ಟಿದ್ದರು. ಇಲ್ಲದ ಹೆಸರನ್ನು ಹುಡುಕಿಹೋದ ಪ್ರೋಗ್ರಾಂ, ಏನೂ ಸಿಗದಿದ್ದಾಗ ಕಂಪ್ಯೂಟರ್ ಹೇಳುವ ಮಾತನ್ನೇ ಚೀಟಿಗೆ ಇಳಿಸಿತು: ನಲ್. ಅಕ್ಬರಿ ಬೇಗಂ ಅದನ್ನು ಮುತ್ತು ಪೋಣಿಸಿದಂತೆ ಬರೆದು, ಸುತ್ತ ಬಳ್ಳಿ ಬಿಡಿಸಿ ಕಳಿಸಿದರು. ಬೊಂಬೆ ವಾಪಸ್ ಬಂತು.

"ಇನ್ನೊಂದ್ ಕಿತ ವಾಪಸ್ ಬರ್ಲಿ, ನಿನ್ ಕಂಪ್ಯೂಟರ್ ಅಟ್ಟಕ್ಕೆ ಹೋಯ್ತದೆ," ಎಂದರು ಮುಕ್ತಿಯಾರಣ್ಣ. "ಮೊದ್ಲಿನಂಗೆ ಹೋಲ್‌ಸೇಲ್ ಅಂಗಡಿಗೇ ಮಾಲ್ ಹಾಕ್ತೀನಿ." ಹೇಳಿ ಸುಮ್ಮನಾಗಲಿಲ್ಲ, ಏಣಿ ತಂದು ಅಟ್ಟಕ್ಕೆ ಒರಗಿಸಿಯೇ ಬಿಟ್ಟರು.

ಏಣಿ ನೋಡಿದರೆ ಅನೀಸಾಳ ಮುಖ ಬಾಡುತ್ತಿತ್ತು. ಬೇರೆ ಕಡೆ ಅವಳಿಗೆ ಕೆಲಸ ಸಿಗದೆ ಇರುತ್ತಿರಲಿಲ್ಲ. ಆದರೆ ಹುಟ್ಟಿದಾಗಿನಿಂದ ಅರಗಿನ ವಾಸನೆ ಕುಡಿದು ಬೆಳೆದ ಆ ಕೋಣೆಯಲ್ಲಿ ತನ್ನದು ಎಂದು ಅವಳಿಗಿದ್ದ ಜಾಗ ಆ ಮೂಲೆಯೊಂದೇ.

ಆಮೇಲೆ ವಿರೂಪಾಕ್ಷಿಪುರದಿಂದ ಆರ್ಡರು ಬಂತು. ಅಲ್ಲಿನ ವಿಮಲಮ್ಮ ಹಾಲಿನ ಡೈರಿಗೆ ಅಧ್ಯಕ್ಷೆಯಾಗಿದ್ದರು, ಸೊಸೆ ಧನಲಕ್ಷ್ಮಿ ಅತ್ತೆಗೊಂದು ಉಡುಗೊರೆ ಕೊಡಬೇಕೆಂದಿದ್ದಳು. ನಾಲ್ಕು ಬೊಂಬೆಯ ಸೆಟ್ಟು. ಸೆಟ್ಟು ತಲುಪಿದ ಮಾರನೆಯ ದಿನವೇ ವಿಮಲಮ್ಮ ಬಸ್ಸಿಳಿದು ಬಿರಬಿರನೆ ಕಾರ್ಖಾನೆಗೆ ನಡೆದರು, ಹಿಂದೆ ಚೀಲ ಹಿಡಿದು ಸೊಸೆ. ನಾನು ಶಟರ್ ಅರ್ಧ ಎಳೆದು ಹಿಂಬಾಲಿಸಿದೆ. ಇಂಥದ್ದನ್ನು ತಪ್ಪಿಸಿಕೊಂಡರೆ ಬೀದಿಯಲ್ಲಿ ಅಂಗಡಿ ಇಟ್ಟು ಏನು ಪ್ರಯೋಜನ.

"ಯಾರವ್ವ ಇದ ಮಾಡ್ದೋರು?" ವಿಮಲಮ್ಮ ದೊಡ್ಡ ಬೊಂಬೆಯನ್ನು ಮೇಜಿನ ಮೇಲೆ ಕುಕ್ಕಿದರು. "ನೋಡಿ, ಇವ್ಳು ನನ್ ಸೊಸೆ. ಇವ್ಳ ಒಳಗೆ ನನ್ ಮಗ ರೇಣುಕಾಪ್ರಸಾದ. ಅವನ್ ಒಳಗೆ ನಮ್ ಯಜಮಾನ್ರು." ಮೀಸೆಯ ಪತಿ ಕಾಡಸಿದ್ದಪ್ಪನವರನ್ನು ತಿರುಚಿ ತೆರೆದರು. "ಅವ್ರ್ ಒಳಗೆ, ಇಗೋ, ನಾನು."

ಅಡಿಕೆಯಷ್ಟು ದಪ್ಪದ ಬೊಂಬೆ. ಅಷ್ಟರಲ್ಲೂ ಅಕ್ಬರಿ ಬೇಗಂ ಕನ್ನಡಕ ಬಿಡಿಸಿದ್ದರು.

"ಡೈರಿ ಹೆಂಗಸ್ರೆಲ್ಲ ಕೂತಿದ್ರು. ನಾನು ಈಗ ಬತ್ತೀನಿ, ಈಗ ಬತ್ತೀನಿ ಅಂತ ಬಿಚ್ಚಿದ್ದೇ ಬಿಚ್ಚಿದ್ದು. ಬಿದ್ದೂ ಬಿದ್ದೂ ನಕ್ಬುಟ್ರು."

"ನಾನು ಅತ್ತೆ ಹೆಸ್ರೇ ಮೊದ್ಲು ಬರ್ದಿದ್ದೆ ಕಣಕ್ಕ, ನಂದು ಕೊನೆಗೆ," ಎಂದಳು ಧನಲಕ್ಷ್ಮಿ. ಅವಳ ಮುಖದಲ್ಲಿ ದುಃಖ ಹುಡುಕಲು ಅನೀಸಾಳ ಪ್ರೋಗ್ರಾಮಿಗೂ ಆಗುತ್ತಿರಲಿಲ್ಲ.

ಅನೀಸಾ ಆರ್ಡರನ್ನು ಪರದೆಯ ಮೇಲೆ ಬಿಚ್ಚಿದಳು. ಒಂದನೇ ಹೆಸರು ವಿಮಲಮ್ಮ. ಒಂದನೇ ಹೆಸರನ್ನು ಒಂದನೇ ಬೊಂಬೆಗೆ ಹಾಕು ಎಂದು ಅವಳೇ ಬರೆದದ್ದು. ಬೊಂಬೆಗಳ ಅಳತೆಯನ್ನು ಮಾತ್ರ ಚಾಚಾ ಒಂದನೇದು, ಎರಡನೇದು ಎಂದು ಹೇಳಿದಂತೆ ಬರೆದುಕೊಂಡಿದ್ದಳು.

"ಚಾಚಾ, ಒಂದನೇ ಬೊಂಬೆ ಅಂದ್ರೆ ಯಾವ್ದು?"

"ಒಳಗಡೇದು. ಇನ್ಯಾವ್ದು?" ಅನ್ನ ತಿನ್ನುವುದು ಯಾವುದರಿಂದ ಎಂದು ಕೇಳಿದವಳನ್ನು ನೋಡುವಂತೆ ನೋಡಿದರು. "ಹೊರಗಡೇದು ಮೊದ್ಲು ಕಡೆದ್ರೆ ಒಳಗಡೇದು ಅದ್ರಲ್ಲಿ ಕೂರ್ತದಾ?"

ಅವಳು ಎಂದೂ ಕೇಳಿರಲಿಲ್ಲ, ಅವರು ಎಂದೂ ಹೇಳಿರಲಿಲ್ಲ. ಇಬ್ಬರಿಗೂ ಒಂದು ಎಂದರೆ ಒಂದೇ ಆಗಿತ್ತು, ಅವರಿಗೆ ಒಳಗಿನದು, ಅವಳಿಗೆ ಹೊರಗಿನದು. ಮುಕ್ತಿಯಾರಣ್ಣನ ಕೈ ಆಗಲೇ ಏಣಿಯ ಮೇಲಿತ್ತು. ಅದನ್ನು ನೋಡಿ ಅನೀಸಾ ಎದ್ದು ನಿಂತಳು. ಅವಳು ಹೀಗೆ ಮುಖವನ್ನು ಮುಗ್ಧ ಮಾಡಿಕೊಂಡಾಗಲೆಲ್ಲ ನನ್ನ ಅಂಗಡಿಯ ಯಾವುದೋ ಪಾರ್ಸೆಲ್ಲಿನ ಅಂಚು ಎದ್ದಿರುತ್ತಿತ್ತು.

"ಅಮ್ಮಾ, ನಮ್ ಕಸುಬಲ್ಲಿ ಮೊದ್ಲು ಕಡೆಯೋದು ಈ ಒಳಗಡೇದನ್ನ. ಮಿಕ್ಕಿದ್ದೆಲ್ಲ ಇದ್ರ ಅಳತೆಗೆ. ಮನೆಗೆ ಯಾರು ಮೊದ್ಲು ಅಂತ ನಿಮ್ ಸೊಸೆ ಬರ್ದಿದ್ರೋ, ಅವ್ರ ಹೆಸ್ರೇ ಇದಕ್ಕೆ ಬಂದೈತೆ."

ವಿಮಲಮ್ಮ ನಂಬಲಿಲ್ಲ. ಮುಕ್ತಿಯಾರಣ್ಣನ ಕಡೆ ತಿರುಗಿ, "ದಿಟವೇನಪ್ಪ?" ಎಂದರು.

ಪಾಪ, ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು ಅವರಿಗೆ. ಅಲ್ಲ ಎಂದರೆ ಕಸುಬಿಗೆ ದ್ರೋಹ, ಹೌದು ಎಂದರೆ ಈ ಹುಡುಗಿ ಗೆದ್ದಳು. "ದಿಟ ಕಣಮ್ಮ," ಎಂದರು ಕೊನೆಗೆ. "ಅದೊಂದು ಕೂದ್ಲೆಳೆ ಕೆಟ್ರೂ ಮಿಕ್ಕಿದ್ದು ಯಾವ್ದೂ ಕೂರಲ್ಲ."

ವಿಮಲಮ್ಮ ತಮ್ಮ ಬೊಂಬೆಯನ್ನು ಪಕ್ಕಕ್ಕಿಟ್ಟು, ಗಂಡನ ಬೊಂಬೆಯನ್ನು ಮುಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರು. "ಅಂಗಾರೆ ನಾನಿಲ್ದಿದ್ರೆ ಇವ್ರ್ ಒಳಗೆ ಏನೂ ಇಲ್ಲ," ಎಂದರು. "ಅದು ನಂಗೆ ಮೊದ್ಲೇ ಗೊತ್ತಿತ್ತು, ಬುಡಿ." ಒಂದೊಂದಾಗಿ ಎಲ್ಲರನ್ನೂ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. "ಡೈರಿಯೋರಿಗೆ ಇದನ್ನ ಒಸಿ ಬುಡ್ಸಿ ಯೋಳ್ಬೇಕು."

ಧನಲಕ್ಷ್ಮಿ ಬಾಗಿಲಲ್ಲಿ ಹಿಂದುಳಿದು, "ಅಕ್ಕ, ಇದ ಸರಿ ಮಾಡೋಕ್ ಮಾತ್ರ ಹೋಗ್ಬೇಡಿ," ಎಂದು ಪಿಸುಗುಟ್ಟಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಅನೀಸಾ ಸರಿ ಮಾಡದೆ ಇರಲಿಲ್ಲ. ಎಷ್ಟನೆಯ ಬೊಂಬೆ ಎಂದು ಕೇಳುವುದನ್ನು ಬಿಟ್ಟು, ಎಲ್ಲಕ್ಕಿಂತ ಒಳಗಿರುವುದು ಯಾವುದು, ಹೊರಗಿರುವುದು ಯಾವುದು ಎಂದೇ ಪ್ರೋಗ್ರಾಂ ಕೇಳುವಂತೆ ಮಾಡಿದಳು. ಜೊತೆಗೆ ಆರ್ಡರ್ ಪುಟದಲ್ಲಿ ಒಂದು ಹೊಸ ಪ್ರಶ್ನೆ ಸೇರಿಸಿದಳು: ಮನೆಯ ಹಿರಿಯರು ಒಳಗೋ, ಹೊರಗೋ? ಸೊಸೆಯಂದಿರು ಯಾವುದನ್ನು ಒತ್ತುತ್ತಾರೆಂದು ಪಾರ್ಸೆಲ್ ಕಟ್ಟುವ ನನಗೆ ಗೊತ್ತು. ನಾನು ಹೇಳುವುದಿಲ್ಲ.

ಮಾರನೆಯ ಬೆಳಿಗ್ಗೆ ಪಾರ್ಸೆಲ್ ತರಲು ಹೋದರೆ ಅಟ್ಟದ ಕೆಳಗೆ ಏಣಿ ಇರಲಿಲ್ಲ. ಮುಕ್ತಿಯಾರಣ್ಣ ಒಂದು ಪುಟ್ಟ ಬೊಂಬೆ ಕಡೆದು ಮುಗಿಸಿ, ಅದನ್ನು ಅತ್ತಿಗೆಯ ಮುಂದಿಟ್ಟರು. "ಭಾಭಿ, ನಮ್ ಮನೆ ಸೆಟ್ಟು. ಇದ್ರ ಮೇಲೆ ಅನೀಸಾ ಅಂತ ಬರೀರಿ."

"ಅನೀಸಾ ಅಂತಾನಾ, ನಲ್ ಅಂತಾನಾ?" ಎಂದರು ಅಕ್ಬರಿ ಬೇಗಂ, ಕುಂಚ ಅದ್ದುತ್ತಾ.

"ನನ್ನನ್ನ ಯಾಕ್ ಚಾಚಾ ಇಷ್ಟ್ ಸಣ್ಣದು ಮಾಡಿದ್ರಿ?" ಎಂದು ಅನೀಸಾ ಮೂಲೆಯಿಂದ ಕೇಳಿದಳು. ಉತ್ತರ ಗೊತ್ತಿದ್ದರೂ ಕೇಳಿದಳು.

ಮುಕ್ತಿಯಾರಣ್ಣ ತಮ್ಮ ಬೊಂಬೆಗೆಂದು ಒಂದು ಮರದ ತುಂಡನ್ನು ಲೇತಿಗೆ ಕಚ್ಚಿಸಿ, ಬಣ್ಣ ತಾಗುವ ಮೊದಲು ಆ ಪುಟ್ಟ ಬೊಂಬೆಯನ್ನು ಮತ್ತೆ ಕೈಗೆ ತೆಗೆದುಕೊಂಡು, ಅದರ ಅಳತೆ ಹಿಡಿದರು.