ಹೆದರುವ ಕೆಲಸಕ್ಕೊಬ್ಬ ಆಳು

ಬೆಳಗಿನ ಏಳು ಗಂಟೆ. ಸುಂಟಿಕೊಪ್ಪದಿಂದ ಐದು ಮೈಲಿ ಒಳಗಿರುವ ಕಾಫಿ ಎಸ್ಟೇಟಿನ ಗೇಟಿನಲ್ಲಿ ಹನ್ನೊಂದು ಹೆಂಗಸರು ಚೀಲಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಾರೆ. ಮಂಜು ಇನ್ನೂ ಗಿಡಗಳ ಮೇಲಿದೆ. ತೋಟದೊಳಗಿನಿಂದ ಐವತ್ತೆರಡರ ನಿಂಗ ಒಬ್ಬನೇ ನಡೆದು ಬರುತ್ತಾನೆ. ಮುಂದೆ ನಿಂತ ತುಳಸಿ ಅವನ ಬಲಗೈ ಹಿಡಿದು, ಬಳೆ ತೊಡಿಸುವವಳ ಹಾಗೆ ಮಗುಚಿ, ಹೆಬ್ಬೆರಳಿನಿಂದ ಅಂಗೈ ಒರೆಸಿ ನೋಡುತ್ತಾಳೆ.

"ಒದ್ದೆ," ಎನ್ನುತ್ತಾಳೆ.

ಚೀಲಗಳು ಕೆಳಗಿಳಿಯುತ್ತವೆ. ಇವತ್ತು ಮೇಲಿನ ಬ್ಲಾಕಿಗೆ ಯಾರೂ ಹೋಗುವುದಿಲ್ಲ. ಕಣದಲ್ಲಿ ಹಣ್ಣು ಹರಡುವ ಕೆಲಸ.

ನಿಂಗನ ಕೆಲಸ ಇಷ್ಟೇ. ಹಣ್ಣು ಕೊಯ್ಯುವ ಪಿಕಿಂಗ್ ಗ್ಯಾಂಗು ತೋಟಕ್ಕಿಳಿಯುವ ಮೊದಲು ನಲವತ್ತು ಎಕರೆ ಸುತ್ತಿ, ರಾತ್ರಿ ಹಣ್ಣು ತಿನ್ನಲು ಬಂದ ಆನೆ ಇನ್ನೂ ಒಳಗಿದೆಯೇ ಎಂದು ತಿಳಿದು ಬರುವುದು. ಲದ್ದಿ, ಹೆಜ್ಜೆ, ಮುರಿದ ಕೊಂಬೆ ಎಲ್ಲರಿಗೂ ಕಾಣುತ್ತವೆ. ಆಳೆತ್ತರದ ಗಿಡಗಳ ಹಿಂದೆ ಸದ್ದಿಲ್ಲದೆ ನಿಂತ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ನಿಂಗನಿಗೂ ಕಾಣುವುದಿಲ್ಲ. ಆನೆ ಹತ್ತಿರದಲ್ಲಿದ್ದರೆ ಅವನ ಮೈ ನಡುಗುತ್ತದೆ, ಅಂಗೈ ಬೆವರುತ್ತದೆ. "ವಾಸ್ನೆನೋ ಗಾಳಿನೋ ನಂಗೊತ್ತಿಲ್ಲ. ಹಕ್ಕಿ ಸುಮ್ನಾಗಿರ್ತವೇನೋ. ನನ್ ತಲೆಗಿಂತ ಮುಂಚೆ ಕೈಗೆ ಗೊತ್ತಾಗ್ತದೆ."

ಹುಟ್ಟಿದ್ದು ದುಬಾರೆಯಲ್ಲಿ, ಆನೆ ಶಿಬಿರದ ಮಾವುತನ ಹಿರಿಮಗನಾಗಿ. ಹನ್ನೆರಡರ ವಯಸ್ಸಿನಲ್ಲಿ ಅಪ್ಪ ಮೊದಲ ಸಲ ಆನೆಯ ಕತ್ತಿನ ಮೇಲೆ ಕೂರಿಸಿದಾಗ ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡ. ಶಿಬಿರವೇ ನಕ್ಕಿತು. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. "ಮತ್ತೆ ನನ್ನ ಹೊಳೆಗೆ ಕರೀಲಿಲ್ಲ, ಅಷ್ಟೇ. ಆನೆ ತೊಳ್ಯೋಕೆ ತಮ್ಮನ್ನ ಕರ್ಕೊಂಡು ಹೋಗೋನು. ನಂಗೆ ಸೌದೆ."

ಮನೆಮನೆಯ ಗೋಡೆಯಲ್ಲಿ ಸಮವಸ್ತ್ರದ ಫೋಟೊ ತೂಗುವ, ವರ್ಷಕ್ಕೊಮ್ಮೆ ಕೋವಿಗೂ ಹೂ ಮುಡಿಸುವ ಜಿಲ್ಲೆ ಇದು. ಇಲ್ಲಿ ಪುಕ್ಕಲ ಎನಿಸಿಕೊಳ್ಳುವುದು ಸುಲಭದ ಮಾತಲ್ಲ. ಮಗು ನಡೆಯಲು ಕಲಿತ ಮರುದಿನವೇ ನಾವೆಲ್ಲ ಹೆದರಬೇಡ ಎಂದು ಕಲಿಸುತ್ತೇವೆ. ಹೆದರಿದ ಮಗು ಏನನ್ನು ಕಂಡಿತು ಎಂದು ಕೇಳುವ ತ್ರಾಣ ದಿನದ ಕೊನೆಗೆ ಯಾರಲ್ಲೂ ಉಳಿದಿರುವುದಿಲ್ಲ.

ಎರಡು ವರ್ಷದ ಹಿಂದಿನ ಜನವರಿಯಲ್ಲಿ, ಒಂದೇ ವಾರದಲ್ಲಿ ನಾಲ್ಕು ದಿನ ನಿಂಗನ ಕೈ ಒದ್ದೆಯಾಯಿತು. ನಾಲ್ಕು ದಿನವೂ ಆನೆ ಯಾರ ಕಣ್ಣಿಗೂ ಬೀಳಲಿಲ್ಲ. ಹಣ್ಣು ಗಿಡದಲ್ಲೇ ಒಣಗುತ್ತಿತ್ತು. ಹಾಜರಿ ಹಾಕಿ ಕೆಲಸ ಹಂಚುವ ರೈಟರ್ ಕೀರ್ತಿಕುಮಾರ್ ಗೇಟಿನಲ್ಲೇ ಕೇಳಿದರು: "ಏನ್ಲಾ ನಿಂಗ, ನಿನ್ ಕೈಗೊಂದು ಸೀರೆ ಉಡಿಸ್ಲಾ?" ಹೆಂಗಸರೂ ನಕ್ಕರು.

ನಿಂಗ ಪೇಟೆಯ ಡಾಕ್ಟರ ಬಳಿ ಹೋಗಿ ನಡುಕಕ್ಕೆ ಮಾತ್ರೆ ತಂದ. ಮಾರನೆಯ ದಿನ ಅಂಗೈ ಒಣಗಿತ್ತು. "ಮೈಯೆಲ್ಲ ಹಗುರ. ಜೀವಮಾನದಲ್ಲಿ ಮೊದಲ್ನೇ ಸಲ ಶಿಳ್ಳೆ ಹಾಕ್ಕೊಂಡು ತೋಟ ಸುತ್ತಿದೆ. ರೈಟರ್ ಬೆನ್ನು ತಟ್ಟಿ, ಈಗ ಗಂಡಸಾದೆ ನೋಡು ಅಂದ್ರು." ಮಾತ್ರೆ ಶುರುವಾದ ಐದನೆಯ ದಿನ ತುಳಸಿಯ ಅತ್ತೆ ರಂಗಮ್ಮ ಆ ಒಣ ಕೈ ಮುಟ್ಟಿ ನೋಡಿ, ಎಲ್ಲರಿಗಿಂತ ಮುಂದಾಗಿ ಮೇಲಿನ ಬ್ಲಾಕಿಗೆ ನಡೆದಳು. ಸಲಗ ಮೂರನೆಯ ಸಾಲಿನಲ್ಲಿ ನಿಂತಿತ್ತು.

ಅವಳ ಹೆಣ ಹೊತ್ತು ತಂದವರಲ್ಲಿ ನಿಂಗನೂ ಒಬ್ಬ. "ಹೊರೋವಾಗ್ಲೂ ಕೈ ಒಣಗೇ ಇತ್ತು," ಎನ್ನುತ್ತಾನೆ. ಅದನ್ನೇ ಮತ್ತೊಮ್ಮೆ ಹೇಳುತ್ತಾನೆ.

ಮಾತ್ರೆಗಳು ಒಲೆಗೆ ಹೋದವು. ಬೆವರು ಮರಳಿತು. ತಿಂಗಳೊಪ್ಪತ್ತು ತುಳಸಿ ಅವನ ಮುಖ ನೋಡಲಿಲ್ಲ. ಆಮೇಲೊಂದು ಬೆಳಿಗ್ಗೆ ತಾನಾಗಿ ಮುಂದೆ ಬಂದಳು: "ತೋರ್ಸು ಮಾವ. ಗುಳಿಗೆ ತಿಂದಿಲ್ಲ ತಾನೆ?" ಅಂದಿನಿಂದ ದಿನವೂ ಅದೇ ಪ್ರಶ್ನೆ. ಕಳೆದ ಸೀಸನ್ನಿನ ಎಪ್ಪತ್ತು ದಿನಗಳಲ್ಲಿ ಹತ್ತೊಂಬತ್ತು ದಿನ ಗ್ಯಾಂಗು ಹಿಂದೆ ಸರಿಯಿತು. ಒಂಬತ್ತು ಸಲ ಆನೆ ತೋಟದಿಂದ ಹೊರಬಿದ್ದದ್ದನ್ನು ಜನ ಕಂಡರು. ಉಳಿದ ಹತ್ತರ ಬಗ್ಗೆ ಈಗ ರೈಟರೂ ಸೊಲ್ಲೆತ್ತುವುದಿಲ್ಲ.

ಆದರೆ ದಿನವೂ ಹೆದರಿ ಹೆದರಿ ಮೈ ಸೋತಿದೆ. ನವೆಂಬರಿನಲ್ಲಿ ಅದೇ ಡಾಕ್ಟರು ಎದೆ ಪರೀಕ್ಷೆ ಮಾಡಿ, ಎದೆಗೂ ಆ ಮಾತ್ರೆಯನ್ನೇ ನುಂಗಬೇಕು, ಇಲ್ಲವಾದರೆ ಜೀವಕ್ಕೇ ಅಪಾಯ ಎಂದಿದ್ದಾರೆ. ನುಂಗಿದರೆ ಅಂಗೈ ಒಣಗುತ್ತದೆ. ಈಗ ಗುಳಿಗೆಯ ಮಾತೆತ್ತುವಾಗ ತುಳಸಿಯ ದನಿ ತಗ್ಗುತ್ತದೆ. "ತಿನ್ನು ಅನ್ನೋಕೂ ಆಗಲ್ಲ, ಬ್ಯಾಡ ಅನ್ನೋಕೂ ಆಗಲ್ಲ. ನಂಗೂ ಎರಡು ಮಕ್ಕಳವೆ."

ಬದಲಿ ಆಳು ಸಿಕ್ಕ ದಿನ ಮಾತ್ರೆ ಶುರು ಎಂದಿದ್ದಾನೆ ನಿಂಗ. ಎಸ್ಟೇಟಿನವರು ಮೂವರನ್ನು ಕಳಿಸಿದರು. "ಒಬ್ಬ ಬರೋವಾಗ್ಲೇ ಪಟಾಕಿ ತಂದಿದ್ದ. ಇನ್ನೊಬ್ಬ ಆನೆ ಜೊತೆ ತೆಗೆದ ಸೆಲ್ಫಿ ತೋರಿಸ್ದ. ಇಬ್ರೂ ಧೈರ್ಯವಂತರು. ಜನ ಸಾಯ್ತಾರೆ." ಮೂರನೆಯವನು ಶಿರಂಗಾಲದ ಮಹೇಶ್, ಹದಿನೇಳು ವರ್ಷ ಸೇನೆಯಲ್ಲಿದ್ದು ಬಂದವನು. ಹೆದರಿಕೆ ಆಗುತ್ತದೆಯೇ ಎಂದು ನಿಂಗ ಗೇಟಿನಲ್ಲಿ ಕೇಳಿದಾಗ ಮೀಸೆಯಲ್ಲೇ ನಕ್ಕ: "ಗಡಿ ಕಾದೋನ್ನ ಕೇಳೋ ಮಾತೇನಣ್ಣ ಇದು?"

ತೋಟದೊಳಗೆ, ಇಬ್ಬರೇ ಇದ್ದಾಗ, ಮೇಲಿನ ಬ್ಲಾಕಿನ ತಿರುವಿನಲ್ಲಿ ಮಹೇಶನ ಕಾಲು ನಿಂತುಬಿಟ್ಟಿತು. ಕೈ ಜೇಬು ಸೇರಿತು. ನಿಂಗ ಅದನ್ನು ಹೊರಗೆಳೆದು ಮುಟ್ಟಿದ. ತನ್ನದರಷ್ಟೇ ಒದ್ದೆ.

"ಯಾರ್ಗೂ ಹೇಳ್ಬೇಡ ಕಣಣ್ಣ."

"ಹೇಳೋದೇ ಕಣಪ್ಪ ಕೆಲ್ಸ. ಹೆದ್ರೋದೇನು, ಎಲ್ರೂ ಹೆದರ್ತಾರೆ."

ಮಾರನೆಯ ದಿನ ಮಹೇಶ್ ಬರಲಿಲ್ಲ. ಅದಾಗಿ ಒಂಬತ್ತು ದಿನ. ಕೂಲಿಯವರ ಲೈನ್ ಮನೆಯಲ್ಲಿ, ನಿಂಗನ ಸೂರಿನ ಸಂದಿಯಲ್ಲಿ ಮಾತ್ರೆಯ ಹಾಳೆ ಒಡೆಯದೆ ಇದೆ. ಬೇರೆ ಯಾರನ್ನಾದರೂ ನೋಡಬಾರದೇ ಎಂದರೆ ನಿಂಗ ಒಪ್ಪುವುದಿಲ್ಲ.

"ಬರ್ತಾನೆ. ಎಲ್ರ ಮುಂದೆ ಹೆದ್ರೋಕೆ ಟೈಮ್ ಹಿಡೀತದೆ. ನಂಗೇ ಐವತ್ತು ವರ್ಷ ಬೇಕಾಯ್ತು."